ಕೇಳದಿದ್ದರೂ ಹೇಳಬೇಕಾ?

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಕೊಳ್ಳುವವರು ಕೇಳದ ವಿಷಯವನ್ನು ಮಾರುವವರು ತಾವಾಗಿ ಹೇಳಬೇಕಾ?

ಕೆಲವು ವರ್ಷಗಳ ಹಿಂದೆ ಡಲ್ಲಾಸ್‌ನಲ್ಲಿ ಒಬ್ಬರಿಂದ ಸಣ್ಣ ಬೋಟ್ ಕೊಂಡೆ. ಔಟ್‌ಬೋರ್ಡ್ ಮೋಟಾರ್ ಚೆನ್ನಾಗಿಯೇ ಓಡ್ತಿತ್ತು. ಹ್ಯೂಸ್ಟನ್‌ಗೆ ತಂದು, ವಾಟರ್ ಪಂಪ್ ರಿಪೇರಿಗೆ ಅಂತ ಬೋಲ್ಟ್ ಬಿಚ್ಚಿದರೆ ಲೋಯರ್ ಯೂನಿಟ್, ಅಂದರೆ ನೀರಿನೊಳಗಿರುವ ಗೇರುಗಳ ಭಾಗ, ಕದಲಲೇ ಇಲ್ಲ. ಡ್ರೈವ್ ಶಾಫ್ಟಿನ ಹಲ್ಲುಗಳಿಗೆ ಯಾರೂ ಗ್ರೀಸ್ ಹಚ್ಚಿರಲಿಲ್ಲ. ತುಕ್ಕು ಹಿಡಿದು ಮೇಲಿನ ಎಂಜಿನ್ನಿಗೆ ಕಚ್ಚಿಕೊಂಡಿತ್ತು. ಎರಡು ವಾರಾಂತ್ಯ ಹೋಯ್ತು. ಮಾರಿದವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

ಈ ಬೇಸಿಗೆಯಲ್ಲಿ ಅದೇ ಬೋಟನ್ನು ಆಸ್ಟಿನ್‌ನ ಗೆಳೆಯರೊಬ್ಬರಿಗೆ ಮಾರೋದು ಅಂತಾಯ್ತು. ಅವರಿಗೆ ಲೇಕ್ ಟ್ರಾವಿಸ್‌ನಲ್ಲಿ ಓಡಿಸುವ ಆಸೆ. ಕೊಡುವ ಮೊದಲು ಗೇರ್ ಆಯಿಲ್ ಬದಲಿಸೋಣ ಅಂತ ಕೆಳಗಿನ ಸ್ಕ್ರೂ ಬಿಚ್ಚಿದೆ. ಹಾಲು ಬೆರೆಸಿದ ಕಾಫಿ ಬಣ್ಣದ ಎಣ್ಣೆ ಬಂತು. ನೀರು ಸೇರಿದೆ ಅಂತ ಅರ್ಥ. ಪ್ರೊಪೆಲ್ಲರ್ ತೆಗೆದು ನೋಡಿದರೆ, ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಯಾವಾಗಲೋ ಸಿಕ್ಕಿಕೊಂಡ ಗಾಳದ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ದಿತ್ತು.

ಮನಸ್ಸು ಆಟ ಆಡೋದು ಇಂಥ ಕಡೆಯೇ. ಹೊಸ ಎಣ್ಣೆ ತುಂಬಿದರೆ ಸಾಕು, ನಾಳೆ ಗೆಳೆಯರು ಪರೀಕ್ಷೆ ಮಾಡಿದರೂ ಶುಭ್ರವಾಗಿ ಕಾಣುತ್ತೆ. ಯಂತ್ರದ ಆರೈಕೆಗೆ ಹಾಕುವ ಎಣ್ಣೆಯೇ ಅದರ ಕಾಯಿಲೆಯನ್ನು ಮುಚ್ಚಿಡುತ್ತೆ.

ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದ ಮಗಳು ಕೇಳಿದಳು, "ಅಪ್ಪಾ, ಅಂಕಲ್‌ಗೆ ಹೇಳ್ತೀಯಾ?"

ಫೋನ್ ಮಾಡಿ ಹೇಳಿದೆ. ಆಮೇಲೆ ಸೀಲ್ ಬದಲಿಸಿ ಜೋಡಿಸಲು ಕೂತೆವು. ಸೀಲಿನ ಅಂಚಿಗೆ, ಓ-ರಿಂಗಿಗೆ ಗ್ರೀಸ್ ಸವರಬೇಕು, ಇಲ್ಲದಿದ್ದರೆ ಕೂರಿಸುವಾಗಲೇ ಹರಿಯಬಹುದು. ಡ್ರೈವ್ ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಹಚ್ಚಬೇಕು, ಆದರೆ ಅದರ ತುದಿಯ ಮೇಲೆ ಬೇಡ. ಅಲ್ಲಿ ಗ್ರೀಸ್ ತುಂಬಿಕೊಂಡರೆ ಶಾಫ್ಟ್ ಪೂರ್ತಿ ಒಳಗೆ ಕೂರಲ್ಲ. ಕೊನೆಗೆ ಗೇರ್ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಬೇಕು. ಗಾಳಿಯೆಲ್ಲ ಹೊರಗೆ ಹೋಗಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಎಣ್ಣೆ ಬರುವ ತನಕ.

ಹಾಗಂತ ಪ್ರತಿಯೊಂದು ಗೀರನ್ನೂ ಪಟ್ಟಿ ಮಾಡಿ ಒಪ್ಪಿಸಬೇಕಾ? ಬೇಡ ಅನ್ಸುತ್ತೆ. ಹೇಳುವ ಹೊಣೆಗೂ ಗ್ರೀಸಿನ ಹಾಗೆ ಜಾಗ, ಅಳತೆ ಇದೆ. ನನಗೆ ಗೊತ್ತಿದೆ, ಅವರಿಗೆ ಕಾಣಲ್ಲ, ನಾಳೆ ಅವರಿಗೆ ಪೆಟ್ಟು ಬೀಳುತ್ತೆ. ಈ ಮೂರೂ ಸೇರಿದಾಗ ಮೌನವೂ ಮೋಸವೇ. ಮೋಟಾರ್ ಇನ್ನೆಂದೂ ಕೆಡಲ್ಲ ಅಂತ ಭರವಸೆ ಕೊಡುವ ಹೊಣೆ ಮಾತ್ರ ನನ್ನದಲ್ಲ.

ಡಲ್ಲಾಸ್‌ನವರಿಗೆ ಆ ಒಣ ಹಲ್ಲಿನ ವಿಷಯ ಗೊತ್ತೇ ಇರಲಿಲ್ಲವೇನೋ. ಹಾಗಿದ್ದರೆ ಅವರ ಮೇಲಿನ ನನ್ನ ಸಿಟ್ಟಿಗೆ ಅರ್ಥವಿಲ್ಲ. ನನಗಂತೂ ಆ ನೆಪ ಇರಲಿಲ್ಲ.

ಗೆಳೆಯರು ಬೆಲೆ ಸ್ವಲ್ಪ ಇಳಿಸಿ ಅಂದ್ರು. ಇಳಿಸಿದೆ. ಹೊಟ್ಟೆ ಸ್ವಲ್ಪ ಉರೀತು, ಸುಳ್ಳು ಯಾಕೆ ಹೇಳಲಿ.

ಮಗಳು ಪಕ್ಕದಲ್ಲಿ ಇಲ್ಲದಿದ್ದರೆ ಫೋನ್ ಮಾಡ್ತಿದ್ದೆನಾ? ನೀವಾಗಿದ್ದರೆ? ಇವತ್ತು ಊಟದ ಹೊತ್ತಿಗೆ ಮಕ್ಕಳ ಜೊತೆ ಮಾತಾಡಿ ನೋಡಿ.