ಪಕ್ಷಪಾತ ಮತ್ತು ಪರೀಕ್ಷೆ

'ನಜರ್' ಎಂಬ ಶಬ್ದಕ್ಕೆ ನೋಟವೆಂದು ಅರ್ಥ. ಮೈಸೂರಿನ ನಜರ್‌ಬಾದಿನಲ್ಲಿ ವಾಸಿಸುವವರಿಗೂ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಅಲೆಯುವವರಿಗೂ ಆ ಹೆಸರಿನ ಹಿಂದೆ ಒಂದು ಕೋಟೆಯಿತ್ತೆಂಬುದು ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ. 1780ರ ದಶಕದ ಉತ್ತರಾರ್ಧದಲ್ಲಿ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಮೀಪದ ದಿಣ್ಣೆಗೆ ಸಾಗಿಸಿ, ಅಲ್ಲಿ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಅವನು ಮಡಿದ ಮೇಲೆ ಅವೇ ಕಲ್ಲುಗಳು ಹಿಂದಿರುಗಿ ಬಂದು ಮೈಸೂರು ಕೋಟೆಯ ಪುನರ್ನಿರ್ಮಾಣಕ್ಕೆ ಒದಗಿದವು.

ಈ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳಿ ನೋಡಬೇಕು. ಒಬ್ಬರಿಗೆ ಅದರಲ್ಲಿ ಒಡೆಯರ ಗುರುತನ್ನೇ ಅಳಿಸಹೊರಟ ಹಟ ಕಾಣುತ್ತದೆ. ಮತ್ತೊಬ್ಬರಿಗೆ ಹೊಸ ಪಟ್ಟಣವನ್ನು ಕಟ್ಟುವ ದೂರದೃಷ್ಟಿ ಕಾಣುತ್ತದೆ. ಕಲ್ಲು ಅದೇ, ಸಾಗಾಟ ಅದೇ. ಇಬ್ಬರೂ ತೀರ್ಮಾನವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಾರೆ. 'ನನ್ನ ಎಣಿಕೆ ತಪ್ಪಾಗಿದ್ದರೆ ಯಾವ ಸಾಕ್ಷ್ಯ ದೊರೆಯಬೇಕಾಗಿತ್ತು?' ಎಂಬ ಪ್ರಶ್ನೆಯನ್ನು ಇಬ್ಬರಲ್ಲಿ ಯಾರೂ ತಮಗೆ ತಾವು ಕೇಳಿಕೊಳ್ಳುವುದಿಲ್ಲ.

ಇದು ವಿದ್ಯೆಯ ಕೊರತೆಯಿಂದ ಆಗುವ ದೋಷವಲ್ಲ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 2, 4, 6 ಎಂಬ ಮೂರು ಅಂಕಿಗಳನ್ನು ಕೊಟ್ಟು, ಇವು ಒಂದು ನಿಯಮಕ್ಕೆ ಒಳಪಟ್ಟಿವೆ, ನೀವೇ ಬೇರೆ ಮೂರು ಮೂರು ಅಂಕಿಗಳನ್ನು ಹೇಳಿ ಆ ನಿಯಮವನ್ನು ಕಂಡುಹಿಡಿಯಿರಿ ಎಂದು ಅವನು ವಿದ್ಯಾರ್ಥಿಗಳಿಗೆ ಹೇಳಿದನು. ಎರಡೆರಡು ಹೆಚ್ಚುವ ಸಂಖ್ಯೆಗಳು ಎಂಬ ಊಹೆ ಬಹುಮಂದಿಗೆ ಒಡನೆ ಹೊಳೆಯಿತು. ಅವರು 8, 10, 12 ಎಂದರು, 20, 22, 24 ಎಂದರು. ಪ್ರತಿ ಸಾರಿಯೂ ಹೌದೆಂಬ ಉತ್ತರವೇ ಬಂದಿತು. ನಿಜವಾದ ನಿಯಮವಾದರೋ ಏರುತ್ತ ಹೋಗುವ ಯಾವುದೇ ಮೂರು ಸಂಖ್ಯೆಗಳು ಎಂಬುದಷ್ಟೆ. ತಮ್ಮ ಊಹೆಯನ್ನು ಮುರಿಯಬಲ್ಲ 1, 2, 50ರಂತಹ ಅಂಕಿಗಳನ್ನು ಕೇಳಿದ್ದರೆ ಅದು ತಿಳಿಯುತ್ತಿತ್ತು. ಬಹುಮಂದಿ ಕೇಳಲಿಲ್ಲ.

ಹರಿಭದ್ರಸೂರಿಗಳ ಹೆಸರಿನಲ್ಲಿ ಪ್ರಸಿದ್ಧವಾದ ಮಾತೊಂದರ ತಾತ್ಪರ್ಯವೂ ಇದೇ ಆಗಿದೆ. ಆಗ್ರಹವುಳ್ಳವನು ತನ್ನ ಬುದ್ಧಿ ಎಲ್ಲಿ ನೆಲೆಸಿದೆಯೋ ಅಲ್ಲಿಗೆ ಯುಕ್ತಿಯನ್ನು ಎಳೆದುಕೊಂಡು ಹೋಗುತ್ತಾನೆ. ಪಕ್ಷಪಾತವಿಲ್ಲದವನಾದರೋ ಯುಕ್ತಿ ಹೋದಲ್ಲಿಗೆ ಬುದ್ಧಿಯನ್ನು ಕಳುಹಿಸುತ್ತಾನೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮಿಥ್ಯಾದರ್ಶನವನ್ನು ಪರೋಪದೇಶದಿಂದ ಬರುವುದೆಂದೂ ನೈಸರ್ಗಿಕವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಮನಶ್ಶಾಸ್ತ್ರಜ್ಞರು ಇಂದು ಲೆಕ್ಕಹಾಕುವ ಬುದ್ಧಿಯ ಓಲುವೆಗಳು ಕರ್ಮಸಿದ್ಧಾಂತದ ಮಿಥ್ಯಾತ್ವವೇ ಎಂದು ಸಾಧಿಸುವುದು ಅತಿಯಾದೀತು. ಆದರೂ ಯಾರೂ ಕಲಿಸದೆಯೇ ತಪ್ಪಾಗಿ ಕಾಣುವ ಸ್ವಭಾವ ಜೀವಕ್ಕೆ ಇದೆಯೆಂಬ ಅರಿವು ನಮ್ಮ ಆಚಾರ್ಯರಿಗೆ ಹೊಸದಲ್ಲ.

ಮೈಸೂರಿನವರಿಗೆ ಅಲಮೇಲಮ್ಮನ ಶಾಪದ ಕಥೆ ತಿಳಿಯದ್ದಲ್ಲ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಆಕೆ ಶಪಿಸಿದಳೆಂದು ಹೇಳುತ್ತಾರೆ. ನಾಲ್ವಡಿಯವರಿಗೆ ಮಕ್ಕಳಾಗದ್ದು ಶಾಪಕ್ಕೆ ಸಾಕ್ಷಿ. ಅವರ ತಂದೆ ಚಾಮರಾಜೇಂದ್ರ ಒಡೆಯರಿಗೆ ಗಂಡುಮಕ್ಕಳಾದವಲ್ಲ ಎಂದರೆ, ಶಾಪ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಎಂಬ ತಿದ್ದುಪಡಿ ಸಿದ್ಧವಾಗಿದೆ. 2017ರಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ ಶಾಪ ವಿಮೋಚನೆಯಾಯಿತೆಂದರು. ಮಗು ಹುಟ್ಟಿದರೂ ಹುಟ್ಟದಿದ್ದರೂ ಗೆಲ್ಲುವ ಮಾತನ್ನು ಪರೀಕ್ಷಿಸುವ ದಾರಿಯೇ ಇಲ್ಲ.

ಇದನ್ನು ಕೇಳಿ ನಾವು ನಗಬಹುದು. ಪರರ ಮನೆಯ ನಂಬಿಕೆಯನ್ನು ಒರೆಗೆ ಹಚ್ಚುವುದು ಸುಲಭ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸುವ ಬಗೆಯೇ ಬೇರೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಂಡಾವು, ಆದ್ದರಿಂದ ಅಷ್ಟಕ್ಕೇ ಜಿನನನ್ನು ದೊಡ್ಡವನೆಂದು ಒಪ್ಪಲಾಗದೆಂದು ಅವರು ತಮ್ಮ ಆರಾಧ್ಯದೈವವನ್ನೇ ಪರೀಕ್ಷೆಗೆ ನಿಲ್ಲಿಸುತ್ತಾರೆ. ಆ ದಿಟ್ಟತನವನ್ನು ಓದಿ ಮೆಚ್ಚುವ ನಾವು ನಮ್ಮ ಸಮಾಜದ ಕಥೆಗಳ ವಿಷಯದಲ್ಲಿ ಏನು ಮಾಡುತ್ತಿದ್ದೇವೆ?

ಹೊಯ್ಸಳ ವಿಷ್ಣುವರ್ಧನನು ಮತ ಬದಲಿಸಿ ಬಸದಿಗಳನ್ನು ಹಾಳುಗೆಡವಿದನು, ಜೈನರನ್ನು ಗಾಣಕ್ಕೆ ಹಾಕಿಸಿದನು, ಆ ಪಾಪಕ್ಕೆ ದೋರಸಮುದ್ರದಲ್ಲಿ ಭೂಮಿ ಬಾಯ್ಬಿಟ್ಟಿತು ಎಂಬ ಕಥೆಯನ್ನು ನಮ್ಮ ಮನೆಗಳಲ್ಲಿ ಹಿರಿಯರು ಹೇಳಿ, ಕಿರಿಯರು ಕೇಳಿ ಬೆಳೆದಿದ್ದಾರೆ. ವೈಷ್ಣವರ ಕಡೆಯ ಕಥೆಗಳಲ್ಲಿ ಜೈನರ ಸೋಲು ವಿಜಯದ ವೃತ್ತಾಂತವಾಗಿ ಬರುತ್ತದೆ. ಒಬ್ಬರ ಹೆಮ್ಮೆಗೂ ಇನ್ನೊಬ್ಬರ ನೋವಿಗೂ ಒಂದೇ ಕಥೆ ಒದಗುವುದರಿಂದ ಅದನ್ನು ಪ್ರಶ್ನಿಸುವ ಅಗತ್ಯ ಯಾರಿಗೂ ಬಿದ್ದಿಲ್ಲ.

ಶಾಸನಗಳು ಹೇಳುವುದು ಬೇರೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಾದ ಮೇಲೆ, 1123ರಲ್ಲಿ, ರಾಣಿ ಶಾಂತಲೆ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅವನ ದಂಡನಾಯಕ ಗಂಗರಾಜ ಕಡೆಯವರೆಗೂ ಜಿನಭಕ್ತನಾಗಿಯೇ ಇದ್ದನು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ರಾಜಧಾನಿಯಾದ ದೋರಸಮುದ್ರದಲ್ಲಿಯೇ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ, ಅರ್ಚಕರು ಶೇಷಾಕ್ಷತೆಯನ್ನು ಬಂಕಾಪುರದಲ್ಲಿದ್ದ ದೊರೆಗೆ ಒಯ್ದರು. ಆಗ ತಾನೇ ಯುದ್ಧದಲ್ಲಿ ಜಯವೂ ಪುತ್ರಲಾಭವೂ ಆಗಿದ್ದ ವಿಷ್ಣುವರ್ಧನನು ಅದನ್ನು ಭಕ್ತಿಯಿಂದ ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು ದತ್ತಿ ಬಿಟ್ಟನೆಂದು ಶಾಸನವಿದೆ. ಬಸದಿಗಳನ್ನು ಕೆಡವುವವನ ನಡತೆ ಇದಲ್ಲ.

ಇಷ್ಟರಿಂದ ಜೈನರಿಗೆ ಎಂದೂ ಕಿರುಕುಳವೇ ಆಗಲಿಲ್ಲವೆಂದು ಹೊರಟರೆ ಅದು ಮತ್ತೊಂದು ಏಕಾಂತ. ಶ್ರೀವೈಷ್ಣವರಿಂದ ತೊಂದರೆಯಾಗುತ್ತಿದೆಯೆಂದು ಜೈನರು ದೂರಿತ್ತಾಗ ಬುಕ್ಕರಾಯನು 1368ರಲ್ಲಿ ಎರಡೂ ಕಡೆಯವರ ನಡುವೆ ಒಪ್ಪಂದ ಮಾಡಿಸಿದ ಶಾಸನ ಶ್ರವಣಬೆಳಗೊಳದಲ್ಲಿಯೇ ಇದೆ. ನೋವು ನಿಜ. ಆದರೆ ಎರಡು ಶತಮಾನಗಳ ಅನಂತರದ ದೂರನ್ನು ವಿಷ್ಣುವರ್ಧನನ ತಲೆಗೆ ಕಟ್ಟಲು ಆಧಾರ ಬೇಕು. 'ಸ್ಯಾತ್' ಎಂಬ ಪದಕ್ಕೆ ಕೆಲಸವಿರುವುದು ಇಂತಹ ಕಡೆ. ಅನೇಕಾಂತ ನಮ್ಮದೆಂದು ಭಾಷಣಗಳಲ್ಲಿ ಬೀಗುತ್ತ, ಅದನ್ನು ಅನ್ಯಮತಗಳ ಮೇಲೆ ಮಾತ್ರ ಪ್ರಯೋಗಿಸುವುದು ನನಗೆ ಸರಿಕಾಣದು.

ನಿತ್ಯದ ವ್ಯವಹಾರದಲ್ಲಿ ಈ ದೋಷ ಇನ್ನೂ ಸಣ್ಣ ರೂಪದಲ್ಲಿ ಬರುತ್ತದೆ. ಮಗ ಸಾಲದ ಕಂತು ಮರೆತರೆ ಕೆಲಸದ ಒತ್ತಡ, ಸೊಸೆಯ ತಮ್ಮ ಮರೆತರೆ ಬೇಜವಾಬ್ದಾರಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಸಾಮಾಯಿಕಕ್ಕೆ ಕುಳಿತ ಎರಡು ಗಳಿಗೆಯಲ್ಲಿ ಆ ದಿನ ನಾವು ಕೊಟ್ಟ ಒಂದು ತೀರ್ಪನ್ನು ತೆಗೆದುಕೊಂಡು, ಹೆಸರುಗಳನ್ನು ಅದಲು ಬದಲು ಮಾಡಿ, ಅದೇ ತೀರ್ಪು ನಿಲ್ಲುವುದೇ ಎಂದು ನೋಡಬಹುದು.

ಆದರೆ ಒಬ್ಬನೇ ಕುಳಿತು ಮಾಡುವ ಪರೀಕ್ಷೆಗೆ ಮಿತಿಯಿದೆ. 2002ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಡೇನಿಯಲ್ ಕಾನಮನ್ ಜೀವಮಾನವೆಲ್ಲ ಈ ಓಲುವೆಗಳನ್ನೇ ಅಭ್ಯಾಸ ಮಾಡಿಯೂ, ತನ್ನ ಸಹಜ ಯೋಚನೆ ಅದರಿಂದ ಹೆಚ್ಚೇನೂ ತಿದ್ದಿಕೊಳ್ಳಲಿಲ್ಲವೆಂದು ಬರೆದಿದ್ದಾರೆ. ಪರರ ತಪ್ಪನ್ನು ಗುರುತಿಸುವುದೇ ಸುಲಭವೆಂಬುದು ಅವರ ಅನುಭವ. ಆಲೋಚನೆಯನ್ನು ಗುರುಗಳ ಸಮ್ಮುಖದಲ್ಲಿ ಮಾಡಬೇಕೆಂದು ವಿಧಿಸಿದವರಿಗೆ ಈ ಕಷ್ಟ ತಿಳಿದಿದ್ದಿರಬೇಕು. ಬಸದಿಯ ಸಮಿತಿಯಲ್ಲಿಯೂ ಮುಖ್ಯ ನಿರ್ಣಯಕ್ಕೆ ಮುನ್ನ ಒಬ್ಬ ಸದಸ್ಯರಿಗೆ ವಿರುದ್ಧವಾಗಿ ವಾದಿಸುವ ಹೊಣೆಯನ್ನೇ ಒಪ್ಪಿಸಬಹುದು, ಮುನಿಸಿಗೆ ಆಗ ಎಡೆಯಿರದು. ಹಾಗೆಯೇ ಯಾತ್ರೆಗೆ ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರವನ್ನು ನೋಡಿ ಹಿಂದಿರುಗದೆ, ಅಲ್ಲಿಂದ ಸ್ವಲ್ಪವೇ ದೂರದ ಬಸ್ತಿಹಳ್ಳಿಯ ಪಾರ್ಶ್ವನಾಥನ ದರ್ಶನವನ್ನೂ ಮಾಡಿ, 1133ರ ಆ ವೃತ್ತಾಂತವನ್ನು ಜೊತೆಯಲ್ಲಿರುವ ಮಕ್ಕಳಿಗೆ ಹೇಳಲಿ.