ಬಿಡುವೂ ಬಿಡುಗಡೆಯೂ

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನ ಲಕ್ಷಣವನ್ನು ವಿವರಿಸುವಾಗ ಶ್ರೀಕೃಷ್ಣನು ಒಂದು ಸೂಕ್ಷ್ಮವನ್ನು ತಿಳಿಸುತ್ತಾನೆ: ನಿರಾಹಾರಿಯಿಂದ ವಿಷಯಗಳು ದೂರ ಸರಿದಾವು, ಆದರೆ ಅವುಗಳ ರುಚಿ ಒಳಗೇ ಉಳಿದಿರುತ್ತದೆ, ಅದು ಅಳಿಯುವುದು ಅದಕ್ಕಿಂತ ಹಿರಿದಾದುದನ್ನು ಕಂಡಾಗ. ಸಾಧಕರನ್ನು ಕುರಿತ ಈ ಮಾತು ಹದಿಹರೆಯದವರ ಕುಡಿತ, ಧೂಮಪಾನಗಳ ವಿಚಾರಕ್ಕೂ ಸಲ್ಲುವುದೆಂದು ನನಗೆ ತೋರಿದ್ದು ಐಸ್‌ಲೆಂಡಿನ ವೃತ್ತಾಂತವನ್ನು ಓದಿದಾಗ.

1998ರಲ್ಲಿ ಆ ದೇಶದ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದವರು. 23 ಮಂದಿ ನಿತ್ಯ ಸಿಗರೇಟು ಸೇದುವವರು. 17 ಮಂದಿ ಗಾಂಜಾ ಸೇವಿಸಿ ನೋಡಿದವರು. 2016ರ ಹೊತ್ತಿಗೆ ಈ ಅಂಕಿಗಳು 5, 3, 7ಕ್ಕೆ ಇಳಿದುವು. ಎಳೆಯರಿಗೆ ಮದ್ಯ ತಂಬಾಕುಗಳನ್ನು ಮಾರಬಾರದೆಂಬ ಕಟ್ಟೂ ಜಾಹೀರಾತಿನ ನಿಷೇಧವೂ ಇದಕ್ಕೆ ಒದಗಿದುವು, ನಿಜ. ಆದರೆ ನಿಷೇಧದಿಂದ ಸಂಜೆಯ ಬೇಸರ ತುಂಬುವುದಿಲ್ಲ. ಹುಡುಗನು ನಿಜವಾಗಿ ಅರಸುವುದು ಮನಸ್ಸಿನ ಒಂದು ಉತ್ಕರ್ಷವನ್ನು, ಅದನ್ನು ಆಟ, ಸಂಗೀತ, ನೃತ್ಯಗಳೂ ಕೊಡಬಲ್ಲುವು ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞ ಹಾರ್ವೆ ಮಿಲ್ಕ್‌ಮನ್ ಅಲ್ಲಿಯವರ ಮುಂದಿಟ್ಟ ವಿಚಾರ. ಅದರಂತೆ ರೇಕ್ಯಾವಿಕ್ ನಗರಸಭೆಯು, ಬಡವನ ಮಗನೂ ಪಿಟೀಲು ಕಲಿಯಲೆಂದು, ಒಂದೊಂದು ಮಗುವಿನ ಹೆಸರಿನಲ್ಲಿಯೂ ವರ್ಷಕ್ಕೆ 35,000 ಕ್ರೋನಾದವರೆಗೆ ಇಂಥ ಕಲಿಕೆಗಾಗಿ ತೆತ್ತಿತು.

ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದದ್ದು ಮನೆಯ ಮಾತು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಆ ನಾಡಿನ ಚಳಿಗಾಲದಲ್ಲಿ, ಹದಿಮೂರರಿಂದ ಹದಿನಾರರವರೆಗಿನವರು ರಾತ್ರಿ ಹತ್ತರ ಮೇಲೆ ಹಿರಿಯರಿಲ್ಲದೆ ಹೊರಗಿರಕೂಡದು; ಬೇಸಗೆಯಲ್ಲಿ ನಡುರಾತ್ರಿಯವರೆಗೆ ಅವಕಾಶವುಂಟು, ಆಗ ಬಾನಿನಲ್ಲಿನ್ನೂ ಬೆಳಕಿರುತ್ತದೆ. ವಾರಾಂತ್ಯದ ರಾತ್ರಿಗಳಲ್ಲಿ ಹೆತ್ತವರು ನಾಲ್ಕಾರು ಮಂದಿ ಕೂಡಿ ಬೀದಿಗಳಲ್ಲಿ ಸುತ್ತಾಡಿ, ಮನೆ ಸೇರದ ಹುಡುಗರನ್ನು ಮಾತನಾಡಿಸಿ ಕಳುಹಿಸುತ್ತಾರೆ. ವಾರದ ದಿನಗಳಲ್ಲಿ ತಂದೆತಾಯಿಯರೊಡನೆ ಬಹುಮಟ್ಟಿಗೆ ಕಾಲ ಕಳೆಯುತ್ತೇವೆಂದ ಮಕ್ಕಳು 1997ರಲ್ಲಿ ನೂರಕ್ಕೆ 23 ಇದ್ದವರು 2012ರಲ್ಲಿ 46 ಆದರು. ವರ್ಷಕ್ಕೊಮ್ಮೆ ಮಗನನ್ನು ಯಾತ್ರೆಗೆ ಕರೆದೊಯ್ದು ಉಳಿದ ದಿನಗಳನ್ನು ಕಛೇರಿಗೂ ಕ್ಲಬ್ಬಿಗೂ ಒಪ್ಪಿಸುವ ತಂದೆ (ಅಂಥವರು ನಮ್ಮಲ್ಲಿಯೂ ವಿರಳರಲ್ಲ) ಇದನ್ನು ಕೊಂಚ ನಿಂತು ಓದಬೇಕು. ಮಗನು ಊಟದ ಹೊತ್ತಿನಲ್ಲಿ ಎದುರಿಗೆ ಕುಳಿತು ಏನನ್ನೂ ಹೇಳದೆ ಎದ್ದುಹೋದ ರಾತ್ರಿಯೂ ಈ ಲೆಕ್ಕಕ್ಕೆ ಸೇರುತ್ತದೆ.

ಆದರೆ ತಾತ್ತ್ವಿಕನು ಸುಮ್ಮನಿರನು. ಗಡಿಯಾರವೂ ನಗರಸಭೆಯೂ ಕಾದು ಕಾಪಾಡಿದ ಹುಡುಗನ ಸಂಯಮ ಅವನದೆಂದು ಹೇಗೆ ಹೇಳುವುದು? ಆಕ್ಷೇಪಣೆ ಹಗುರವಾದುದಲ್ಲ. ಆದರೂ ನಮ್ಮ ಪ್ರಾಚೀನರ ಬ್ರಹ್ಮಚಾರಿ ತಾನೇ ಎಷ್ಟು ಸ್ವತಂತ್ರನಾಗಿದ್ದನು? ಸಮಿತ್ತು ತರುವುದು, ದನ ಕಾಯುವುದು, ಭಿಕ್ಷಾಟನೆ, ಅಧ್ಯಯನ ಇವುಗಳ ನಡುವೆ ಅವನ ದಿನದಲ್ಲಿ ಬಿರುಕೇ ಇರಲಿಲ್ಲ. ಆ ವ್ಯವಸ್ಥೆಯನ್ನು ಬಲಾತ್ಕಾರವೆಂದು ಯಾರೂ ಕರೆಯಲಿಲ್ಲ. ಐಸ್‌ಲೆಂಡಿನಲ್ಲಿಯೂ ಇಪ್ಪತ್ತರ ವಯಸ್ಸಿನಲ್ಲಿ ಮದ್ಯದ ಕಾನೂನಿನ ಬೇಲಿಯನ್ನು ದಾಟಿ ಬಂದ ತರುಣನ ಮುಂದೆ ಬಟ್ಟಲನ್ನು ಹಿಡಿಯುವವರು ಹೇಗೂ ಇದ್ದೇ ಇರುತ್ತಾರೆ. ಅಂದು ಚೆಂಡಾಟದ ಬಯಲನ್ನೋ ಪಿಟೀಲಿನ ತಂತಿಯನ್ನೋ ಬಲ್ಲವನಿಗೆ ಆರಿಸಿಕೊಳ್ಳಲು ಎರಡು ರುಚಿಗಳಾದರೂ ಇರುತ್ತವೆ, ಬೀದಿಯ ಮೂಲೆಯಲ್ಲಿಯೇ ಬೆಳೆದವನಿಗೆ ಒಂದೇ.