ಹಳೆಯ ಕಬ್ಬಿಣಕ್ಕೆ ಹೊಸ ಕಾವು



ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲಸಿರುವ ನಮ್ಮ ಎಷ್ಟೋ ಮನೆಗಳಲ್ಲಿ ಊರಿನಿಂದ ತಂದ ಹಳೆಯ ಸುತ್ತಿಗೆಯೋ ಕೈಗೊಡಲಿಯೋ ಒಂದು ಮೂಲೆಯಲ್ಲಿದ್ದೀತು. ಕರಾವಳಿಯ ತೇವದಲ್ಲಿ ಬಿಗಿಯಾಗಿದ್ದ ಅದರ ಕಾವು ಅಹಮದಾಬಾದಿನ ವೈಶಾಖದ ಒಣಬಿಸಿಲಿಗೆ ಕುಗ್ಗಿ ಸಡಿಲವಾಗುತ್ತದೆ. ಕಬ್ಬಿಣವು ಕೆಟ್ಟಿರುವುದಿಲ್ಲ, ಹಿಡಿತವು ತಪ್ಪಿರುತ್ತದೆ. ಹಿರಿಯರಿಂದ ಬಂದ ಧರ್ಮಕ್ಕೂ ಪರಸ್ಥಳದಲ್ಲಿ ಒದಗುವುದು ಇದೇ ಸ್ಥಿತಿ. ಶಾಸ್ತ್ರವು ಸವೆಯುವುದಿಲ್ಲ, ಅದನ್ನು ಹಿಡಿದಿರುವ ಅನುಷ್ಠಾನವು ಸಡಿಲುತ್ತದೆ.

ಸಡಿಲಿದ ಕಾವನ್ನು ನೀರಿನಲ್ಲಿ ನೆನೆಯಿಡುವುದು ಹಲವರ ರೂಢಿ. ಮರವು ಉಬ್ಬಿ ಒಡನೆಯೇ ಬಿಗಿಯಾಗುತ್ತದೆ. ಆದರೆ ಕಬ್ಬಿಣದ ಕಣ್ಣಿನೊಳಗೆ ಅದರ ನಾರು ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತಲೂ ಹೆಚ್ಚು ಸಡಿಲವಾಗುತ್ತದೆ. ವರ್ಷಕ್ಕೊಮ್ಮೆ ಶ್ರೀರಾಯರ ಆರಾಧನೆಯಂದು ಭಕ್ತಿಯಲ್ಲಿ ಮಿಂದು, ಮರುದಿನವೇ ಸಂಧ್ಯಾವಂದನೆಯನ್ನು ಮರೆಯುವುದು ಇಂತಹ ನೆನೆಸುವಿಕೆಯಲ್ಲವೇ? ಆರಾಧನೆ ಬೇಕು, ಅದಷ್ಟೇ ಸಾಲದು.

ಬಲ್ಲವರು ಹಳೆಯ ಮರವನ್ನು ತೆಗೆದು ಹೊಸ ಕಾವು ಹಾಕುತ್ತಾರೆ. ಅದಕ್ಕಾಗಿ ಊರಿನ ಮರವೇ ಬೇಕೆಂದಿಲ್ಲ. ಗುಜರಾತಿನವರು ಬಾವಳವೆನ್ನುವ ನಮ್ಮ ಜಾಲಿಯೇ ಗಟ್ಟಿಮುಟ್ಟು. ಮರವು ಚೆನ್ನಾಗಿ ಒಣಗಿರಬೇಕು, ಅದರ ಎಳೆ ಉದ್ದಕ್ಕೆ ಸಾಗಿರಬೇಕು. ಅಡ್ಡ ಎಳೆಯ ಕಾವು ಪೆಟ್ಟಿಗೆ ಮುರಿಯುತ್ತದೆ. ಕಣ್ಣಿನೊಳಗೆ ಕೂಡಿಸಿದ ಮೇಲೆ ತುದಿಯ ಸೀಳಿನಲ್ಲಿ ಬೆಣೆ ಹೊಡೆಯಬೇಕು. ಆ ಬೆಣೆಯೇ ನಿತ್ಯಕರ್ಮ. ಗಾತ್ರದಲ್ಲಿ ಚಿಕ್ಕದು, ಆದರೂ ತಲೆ ಕಳಚಿ ಹಾರದಂತೆ ಕಾಯುವುದು ಅದೇ.

ಅನಂತರ ಉಪ್ಪುಕಾಗದದಿಂದ ಉಜ್ಜಿ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಬೇಕು, ಹೆಚ್ಚಾದುದನ್ನು ಒರೆಸಬೇಕು, ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಸವರಬೇಕು. ತೆಂಗಿನೆಣ್ಣೆ ಹೀಗೆ ಒಣಗಿ ಗಟ್ಟಿಯಾಗದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಬಹುದು. ಅದನ್ನು ಹರಡಿ ಒಣಗಿಸಬೇಕು. ವಡೋದರೆಯ ಸಮೀಪದ ಸಂಖೇಡಾದಲ್ಲಿ ಮರಕ್ಕೆ ಕೊಡುವ ಅರಗಿನ ಹೊಳಪು ಕಣ್ಣಿಗೆ ಹಬ್ಬವೇ ಸರಿ. ಆದರೆ ದುಡಿಯುವ ಕಾವಿಗೆ ಬೇಕಾದುದು ನೋಟದ ಹೊಳಪಲ್ಲ, ಒಳಗಿಳಿಯುವ ಸ್ನೇಹ. ಎಣ್ಣೆಗೂ ಪ್ರೀತಿಗೂ ಸಂಸ್ಕೃತದಲ್ಲಿ ಸ್ನೇಹವೆಂಬುದೊಂದೇ ಹೆಸರು. ಮಾಹಾತ್ಮ್ಯಜ್ಞಾನದಿಂದ ಕೂಡಿದ ದೃಢವಾದ ಸ್ನೇಹವೇ ಭಕ್ತಿಯೆಂದು ಶ್ರೀಮದಾಚಾರ್ಯರು ತಿಳಿಸಿದ್ದಾರೆ.

ನಮ್ಮ ಮಕ್ಕಳ ವಿಷಯವನ್ನು ಇಲ್ಲಿಯೇ ಚಿಂತಿಸೋಣ. ಮಗುವಿಗೆ ಗುಜರಾತಿಯೇ ಸುಲಭವಾದರೆ ಅರ್ಥವನ್ನು ಗುಜರಾತಿಯಲ್ಲಿಯೇ ಹೇಳೋಣ. ಅದು ಈ ನೆಲದ ಕಾವು. ಮಂತ್ರವನ್ನೂ ತತ್ತ್ವವನ್ನೂ ಬದಲಿಸಲಾಗದು. ಅವು ಹಿರಿಯರ ಕಬ್ಬಿಣ. ಕನ್ನಡವನ್ನು ಮನೆಯಲ್ಲಿ ಕಲಿಸೋಣ, ಆದರೆ ಕನ್ನಡ ಬಾರದೆಂದು ಮಗುವನ್ನು ದೇವರ ಮನೆಯಿಂದ ದೂರವಿಡುವುದು ಬೇಡ.

ಇಷ್ಟೆಲ್ಲ ಮಾಡಿದವರು ನಾವೆಂಬ ಅಹಂಕಾರ ಮಾತ್ರ ಸಲ್ಲದು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಬಡಗಿಯ ದೃಷ್ಟಾಂತವಿದೆ. ಬಡಗಿಯು ನಿಜವಾಗಿಯೂ ಕೆಲಸಮಾಡುತ್ತಾನೆ. ಆದರೂ ಮಾಡಿಸುವವನ ಅಧೀನನಾಗಿರುತ್ತಾನೆ. ಜೀವನ ಕರ್ತೃತ್ವವೂ ಹಾಗೆಯೇ ಸತ್ಯವಾದುದು, ಶ್ರೀಹರಿಯ ಅಧೀನವಾದುದು ಎಂದು ಆಚಾರ್ಯರ ಭಾಷ್ಯವು ನಿರ್ಣಯಿಸುತ್ತದೆ. ಆದುದರಿಂದ ಸೋಮಾರಿತನಕ್ಕೂ ಎಡೆಯಿಲ್ಲ, ಗರ್ವಕ್ಕೂ ಎಡೆಯಿಲ್ಲ.

ಇದೇ ಗುಜರಾತಿನ ದ್ವಾರಕೆಯಿಂದ ಗೋಪೀಚಂದನದ ಗಡ್ಡೆಯೊಳಗೆ ಹೊರಟು, 13ನೆಯ ಶತಮಾನದಲ್ಲಿ ಆಚಾರ್ಯರ ಕೈಯಿಂದ ಉಡುಪಿಯಲ್ಲಿ ಪ್ರತಿಷ್ಠಿತನಾದನೆಂದು ಸಂಪ್ರದಾಯವು ಹೇಳುವ ಶ್ರೀಕೃಷ್ಣನು ಕೈಯಲ್ಲಿ ಕಡೆಗೋಲನ್ನು ಹಿಡಿದಿದ್ದಾನೆ. ಊರು ಬದಲಾದರೂ ಅವನು ಕಡೆಗೋಲನ್ನು ಬಿಡಲಿಲ್ಲ. ನಾವೂ ಮನೆಗೊಂದು ನಿತ್ಯಕರ್ಮವನ್ನಾದರೂ ಇಂದೇ ಬೆಣೆಯಂತೆ ಬಿಗಿಯೋಣ.

ಶ್ರೀಕೃಷ್ಣಾರ್ಪಣಮಸ್ತು.